ಕೆಂಪರಾಜನ ಬಂಡಿದಾರಿ

ನನ್ನ ತಮ್ಮ ಕೆಂಪರಾಜ ಐವತ್ತೈದನೇ ವಯಸ್ಸಿನಲ್ಲಿ ಸೈಕಲ್ ತುಳಿಯಲು ಶುರು ಮಾಡಿದ. ತುಳಿಯಲಿ, ಯಾರು ಬೇಡವೆಂದರು? ನಾನು ಇಪ್ಪತ್ತೆಂಟು ವರ್ಷ ತುಳಿದಿದ್ದೇನೆ. ನಮ್ಮ ಹುಣಸೆಪಾಳ್ಯದಿಂದ ವಿಮಾನಪುರದ ಕಾರ್ಖಾನೆಯ ಕ್ಯಾಂಟೀನಿಗೆ, ದಿನಾ ಬೆಳಿಗ್ಗೆ ಐದೂವರೆಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಿನ ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ. ಒಬ್ಬರೂ ನನ್ನ ಫೋಟೋ ತೆಗೆಯಲಿಲ್ಲ, ಕೊರಳಿಗೆ ಪದಕ ಹಾಕಲಿಲ್ಲ. ಹೊಟ್ಟೆಪಾಡಿಗೆ ತುಳಿದರೆ ಅದು ಬಡತನ, ಹೊಟ್ಟೆ ಕರಗಿಸಲು ತುಳಿದರೆ ಅದು ಫಿಟ್‌ನೆಸ್. ಈ ಭೇದ ನನಗೆ ರಿಟೈರ್ ಆದಮೇಲೆ ಗೊತ್ತಾಯಿತು.

ಅವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ಒಂದು ಗಂಟೆ ನಡೆಯಿರಿ ಎಂದಿದ್ದರು. ನಡೆಯುವುದು ಅವನ ಅಂತಸ್ತಿಗೆ ಕಡಿಮೆಯಾಯಿತು. ಇಂದಿರಾನಗರದ ಯಾವುದೋ ಗಾಜಿನ ಅಂಗಡಿಗೆ ಹೋಗಿ, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದ ಸೈಕಲ್ ತಂದ. ಸೈಕಲ್ಲಿನ ತೂಕ ಕಡಿಮೆಯಾದಷ್ಟೂ ರೇಟು ಜಾಸ್ತಿಯಂತೆ. ಅದನ್ನು ತುಳಿಯುವವನ ತೂಕದ ಬಗ್ಗೆ ಅಂಗಡಿಯವರು ಏನೂ ಹೇಳಲಿಲ್ಲವೋ ಏನೋ. ಅದರ ಜೊತೆಗೆ ಮೈಗಂಟಿದ ಕಪ್ಪು ಚಡ್ಡಿ, ಚಡ್ಡಿಯ ಹಿಂಬದಿಗೆ ಹೊಲಿದಿರುವ ದಿಂಬು, ಬೆರಳಿಲ್ಲದ ಕೈಗವಸು, ಹಳದಿ ಕನ್ನಡಕ. ಮೊದಲ ದಿನ ಆ ವೇಷದಲ್ಲಿ ನಮ್ಮ ಮನೆಯ ಮುಂದೆ ನಿಂತು ಹೇಗಿದೀನಿ ಅಕ್ಕ ಎಂದು ಕೇಳಿದ. ನಾನು ಅಕ್ಕಿ ಆರಿಸುತ್ತಿದ್ದೆ. ಮೊರದಿಂದ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದೆ.

ಭಾನುವಾರ ಭಾನುವಾರ ಇಂಥವರು ಮೂವತ್ತು ಜನ ಸೇರುತ್ತಾರೆ. ತಮ್ಮ ಬಳಗಕ್ಕೆ ಪೂರ್ವ ಪೆಡಲ್ ಎಂದು ಹೆಸರಿಟ್ಟುಕೊಂಡಿದ್ದಾರೆ. ಹೆಚ್ಚಿನವರು ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವವರು. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹಲಸೂರು ಕೆರೆಯವರೆಗೆ ಬಂದು, ಅಲ್ಲಿ ಇಳಿಸಿ, ಸ್ವಲ್ಪ ದೂರ ತುಳಿದು, ಇಂದಿರಾನಗರದಲ್ಲಿ ಬೆಣ್ಣೆ ಮಸಾಲೆ ತಿಂದು, ಸೈಕಲ್ಲನ್ನು ಮತ್ತೆ ಕಾರಿನ ಮೇಲೆ ಏರಿಸಿಕೊಂಡು ಮನೆಗೆ ಹೋಗುತ್ತಾರೆ. ಸೈಕಲ್ ಇವರನ್ನು ಹೊರುವುದಕ್ಕಿಂತ ಇವರ ಕಾರು ಸೈಕಲ್ಲನ್ನು ಹೊರುವುದೇ ಹೆಚ್ಚು. ಇನ್ನು ನಮ್ಮ ಪಾಳ್ಯದ ಕೆರೆಯ ಏರಿಯ ಮೇಲೆ ಸುತ್ತು ಹಾಕುವ ವಾಕಿಂಗಿನವರು ಬೇರೆ. ನಮ್ಮ ಕಾಲದಲ್ಲಿ ಒಬ್ಬ ಮನುಷ್ಯ ಕೆರೆಯನ್ನು ಎರಡು ಸಲ ಸುತ್ತಿದ ಎಂದರೆ ಅವನ ಎಮ್ಮೆ ಕಳೆದುಹೋಗಿದೆ ಎಂದು ಅರ್ಥ.

ಆ ಬಳಗದಲ್ಲಿ ನನ್ನ ತಮ್ಮನಿಗೆ ಒಂದು ಸ್ಥಾನ ಸಿಕ್ಕಿಬಿಟ್ಟಿತು. ತುಳಿಯುವುದರಲ್ಲಿ ಅವನು ಎಲ್ಲರಿಗಿಂತ ಹಿಂದೆ. ಆದರೆ ಅವನು ಇಲ್ಲಿಯವನು. ನೀವು ಒರಿಜಿನಲ್ ಬೆಂಗಳೂರಿನವರು ಅಣ್ಣ ಎಂದು ಯಾರೋ ಒಬ್ಬರು ಹೇಳಿದ್ದೇ ತಡ, ಇವನು ಉಬ್ಬಿಹೋದ. ದೋಸೆ ಬರುವವರೆಗೆ ಅವರಿಗೆ ಕಥೆ ಹೇಳುತ್ತಾನಂತೆ. ತಾನು ರಾಗಿ ಹೊಲ ಉತ್ತಿದ್ದು, ಬಂಡಿ ಹೊಡೆದಿದ್ದು, ಕೆರೆಯಲ್ಲಿ ಎತ್ತಿನ ಮೈ ತೊಳೆದದ್ದು. ಇವನು ಹಲಸೂರಿನ ಕಾನ್ವೆಂಟಿಗೆ ಟೈ ಕಟ್ಟಿಕೊಂಡು ಹೋಗುತ್ತಿದ್ದವನು. ಒಬ್ಬನೇ ಮಗ ಎಂದು ಅಪ್ಪ ಇವನ ಕಾಲಿಗೆ ಕೆಸರು ತಾಕಲು ಬಿಡಲಿಲ್ಲ. ಹೊಲಕ್ಕೆ ಬುತ್ತಿ ಹೊತ್ತವಳು ನಾನು, ಎತ್ತಿನ ಮೈ ತೊಳೆದವಳೂ ನಾನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯ ಮೊದಲೇ ಬಂದಿತ್ತು, ಈಗ ಕೊಡೆ ಹಿಡಿಯಲು ಜನ ಸಿಕ್ಕರು.

ನನಗೆ ಅವನ ಮೇಲೆ ಇಷ್ಟು ಕೋಪ ಯಾಕೆ ಎಂದು ಹೇಳಿಬಿಡುತ್ತೇನೆ. ಅಪ್ಪ ಭಾಗ ಮಾಡಿದಾಗ ರಸ್ತೆಯ ಕಡೆಯ ಜಾಗ ಅವನಿಗೆ, ಅದರ ಹಿಂದಿನ ಮನೆ ನನಗೆ ಬಂತು. ಮಗ್ಗುಲಲ್ಲೇ ಊರಿನ ಬಂಡಿದಾರಿ ಇತ್ತು. ಹನ್ನೆರಡು ಅಡಿ ಅಗಲದ ಮಣ್ಣಿನ ದಾರಿ ಅದು. ಕೆರೆ ಏರಿಯಿಂದ ಇಳಿದು, ರಸ್ತೆ ದಾಟಿ, ನಮ್ಮ ಮನೆಯ ಪಕ್ಕದಲ್ಲಿ ಹಾದು, ಹಿಂದಿನ ರಾಜಕಾಲುವೆಯನ್ನು ಎರಡು ಚಪ್ಪಡಿಗಳ ಮೇಲೆ ದಾಟಿ, ವಿಮಾನಪುರದ ಕಡೆಯ ಹೊಲಗಳಿಗೆ ಹೋಗುತ್ತಿತ್ತು. ನಾನು ಕೆಲಸಕ್ಕೆ ಹೋಗುತ್ತಿದ್ದದ್ದೂ ಅದರಲ್ಲೇ. ಕೆಂಪರಾಜ ಬಾಡಿಗೆಗೆಂದು ಐದು ಅಂತಸ್ತು ಕಟ್ಟಿಸುವಾಗ ಆ ದಾರಿಯನ್ನೂ ಸೇರಿಸಿಕೊಂಡೇ ಪಾಯ ತೆಗೆಸಿದ. ನಮಗೆಂದು ಉಳಿಸಿದ್ದು ಎರಡೂವರೆ ಅಡಿಯ ಸಂದಿ, ನಡುವೆ ಒಂದು ತಿರುವು, ತಿರುವಿನಲ್ಲಿ ಮೂರು ಮೆಟ್ಟಿಲು. ತಕರಾರಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಬೋರಿನ ನೀರಿನ ಕನೆಕ್ಷನ್ ಕೊಡುತ್ತೇನೆ ಎಂದ, ಹಾಕಿದೆ. ಸೈಕಲ್ ಹೋಗುವಷ್ಟು ಜಾಗವಿದ್ದರೆ ಸಾಕು ಎಂದುಕೊಂಡಿದ್ದೆ. ಆ ಸಹಿ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಬೈಲಪ್ಪ ಎಂದರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು, ಒಳ್ಳೆಯ ಫಿಟ್ಟರ್. ಬಲಗೈ ಬಲಗಾಲು ಬಿದ್ದುಹೋದವು, ಮಾತು ಮೂರಕ್ಕೆ ಇಳಿಯಿತು. ನೀರು, ಬೇಡ, ಸಾಕು, ಅಷ್ಟೇ. ಮಗಳು ಭವ್ಯ ಮೈಸೂರಿನಿಂದ ವೀಲ್‌ಚೇರ್ ಕಳಿಸಿದಳು. ಅದು ಆ ಸಂದಿಯ ತಿರುವಿನಲ್ಲಿ ತಿರುಗುವುದಿಲ್ಲ. ಆಸ್ಪತ್ರೆಗೆ ಹೋಗುವ ದಿನ ನಾಲ್ಕು ಗಂಡಸರನ್ನು ಕರೆದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಡ್ಡಡ್ಡಲಾಗಿ ಎತ್ತಿಕೊಂಡು ಹೋಗಬೇಕು. ಅದು ಬಿಟ್ಟರೆ ಎರಡು ವರ್ಷದಿಂದ ಆ ಮನುಷ್ಯ ಹೊಸಿಲು ದಾಟಿಲ್ಲ. ಹಿಂದಿನ ಕಡೆ ಚಪ್ಪಡಿ, ಕೊಚ್ಚೆ. ಮುಂದೆ ನನ್ನ ತಮ್ಮನ ಪಾರ್ಕಿಂಗಿನ ಹಿಂಗೋಡೆ. ಕಿಟಕಿ ತೆಗೆದರೆ ಆ ಗೋಡೆ ಕೈಗೆ ಸಿಗುತ್ತದೆ. ದಿನವಿಡೀ ಅವರು ಅದನ್ನೇ ನೋಡುತ್ತಿದ್ದರು.

ಆ ಗೋಡೆಯಲ್ಲಿ ಒಂದು ಗೇಟು ಇಡಿಸು, ಪಾರ್ಕಿಂಗಿನೊಳಗಿಂದ ವೀಲ್‌ಚೇರ್ ತಳ್ಳಿಕೊಂಡು ಹೋದರೆ ರಸ್ತೆ, ರಸ್ತೆ ದಾಟಿದರೆ ಕೆರೆ, ದಿನಕ್ಕೆ ಅರ್ಧ ಗಂಟೆ ಅವರಿಗೆ ಗಾಳಿ ಕಾಣಿಸುತ್ತೇನೆ ಎಂದು ಅವನನ್ನು ಕೇಳಿದೆ. ಒಂದು ಸಲವಲ್ಲ, ನಾಲ್ಕು ಸಲ. ಮೊದಲು ನೋಡೋಣ ಎಂದ. ಆಮೇಲೆ ಬಾಡಿಗೆಯವರು ಒಪ್ಪುವುದಿಲ್ಲ ಎಂದ. ಕೊನೆಗೆ ವಾಸ್ತುವಿನವನನ್ನು ಕರೆಸಿ ಕೇಳಿದೆ ಎಂದು ಬಂದು ಹೇಳಿದ.

"ನೈರುತ್ಯಕ್ಕೆ ಬಾಗ್ಲು ತೆಗುದ್ರೆ ಮನೆ ಯಜಮಾನಂಗೆ ಆಗ್ಬರಲ್ವಂತೆ ಅಕ್ಕ. ನಾನೇನ್ ಮಾಡ್ಲಿ, ನೀನೇ ಹೇಳು."

ಆ ವಾರವೇ ಅವನು ಕಾರಿನ ಹಿಂದೆ ಸೈಕಲ್ ನೇತುಹಾಕುವ ಸ್ಟ್ಯಾಂಡ್ ತಂದಿದ್ದ. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಹೀಗಿರುವಾಗ ಅವನ ಬಳಗದವರಿಗೆ ಟಾರು ರಸ್ತೆ ಬೇಜಾರಾಯಿತು. ಮಣ್ಣಿನ ದಾರಿ ಬೇಕು, ಟ್ರೇಲ್ ಬೇಕು ಎಂದರಂತೆ. ಇವರ ಅಪಾರ್ಟ್‌ಮೆಂಟುಗಳಿಗೆಂದೇ ಅಲ್ಲವೇ ಇಲ್ಲಿಯ ಮಣ್ಣಿನ ದಾರಿಗಳೆಲ್ಲ ಮುಚ್ಚಿಹೋದದ್ದು? ಈಗ ಅದೇ ಬೇಕಂತೆ. ಕೆಂಪರಾಜ ಎದ್ದುನಿಂತು, ನಮ್ಮ ತಾತ ಮುತ್ತಾತಂದಿರ ಬಂಡಿದಾರಿ ಇದೆ, ಕೆರೆಯಿಂದ ವಿಮಾನಪುರದವರೆಗೆ, ನಾನೇ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟ. ಮಾತು ಕೊಟ್ಟಮೇಲೆ ಅವನಿಗೆ ನೆನಪಾದದ್ದು, ಆ ದಾರಿ ತನಗೆ ಗೊತ್ತಿಲ್ಲ ಎಂಬುದು.

ಒಂದು ಶನಿವಾರ ಸಂಜೆ ಸಂದಿಯಲ್ಲಿ ಮೈ ತೂರಿಸಿಕೊಂಡು ಬಂದ. ಜೊತೆಗೆ ರಿಮ್ಶಾ ಎಂಬ ಹುಡುಗಿ. ಫ್ರೇಜರ್ ಟೌನಿನವಳು, ಅಪ್ಪನಿಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿಯಂತೆ, ಇವಳು ನಕ್ಷೆ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾಳಂತೆ. ಬಳಗದವರ ಸವಾರಿಗಳಿಗೆಲ್ಲ ಇವಳೇ ಮ್ಯಾಪ್ ಮಾಡುವುದು. ಒಳಗೆ ಬಂದವಳೇ ಚಪ್ಪಲಿ ಬಿಟ್ಟು ಮೊದಲು ನಮ್ಮ ಯಜಮಾನರಿಗೆ ನಮಸ್ಕಾರ ಹೇಳಿದಳು. ಆಮೇಲೆ ವೀಲ್‌ಚೇರನ್ನು ನೋಡಿದಳು, ತಾನು ಬಂದ ಸಂದಿಯ ಕಡೆಗೆ ನೋಡಿದಳು. ಆ ಗುಂಪಿನಲ್ಲಿ ಕಣ್ಣಿದ್ದವಳು ಅವಳೊಬ್ಬಳೇ ಎಂದು ನನಗೆ ಆಗಲೇ ಅನ್ನಿಸಿತು.

ಸರ್ವೆ ಕಚೇರಿಯಿಂದ ಊರಿನ ಹಳೆಯ ನಕ್ಷೆಯ ನಕಲು ತಂದಿದ್ದಳು. ಅದರಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ ಇತ್ತು. ಅದು ಎಲ್ಲೆಲ್ಲಿ ಹಾಯುತ್ತಿತ್ತು, ಏನೇನು ಹೆಸರಿತ್ತು ಹೇಳಿ ಆಂಟಿ ಎಂದಳು. ನಾನು ಹೇಳಿದೆ. ಏರಿಯ ತೂಬಿನ ಹತ್ತಿರ ಇಳಿಜಾರು, ಅಲ್ಲಿಂದ ಮುನೇಶ್ವರನ ಕಲ್ಲು, ರಸ್ತೆ ದಾಟಿದರೆ ಜೋಡಿ ಹುಣಸೆಮರ, ಮರ ದಾಟಿದರೆ ನಮ್ಮ ತಿಪ್ಪೆ, ತಿಪ್ಪೆಯ ಬಲಕ್ಕೆ ನಮ್ಮ ಮನೆಯ ಗೋಡೆ, ಗೋಡೆಯ ಪಕ್ಕದಲ್ಲಿ ನೇರವಾಗಿ ಚಪ್ಪಡಿಯವರೆಗೆ ದಾರಿ. ಒಂದು ಅಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಅವಳು ಎರಡೆರಡು ಸಲ ಕೇಳಿ ಬರೆದುಕೊಂಡಳು.

ಕೆಂಪರಾಜ ಅಲ್ಲೇ ಕೂತು ಕಾಫಿ ಹೀರುತ್ತ ತಲೆಯಾಡಿಸುತ್ತಿದ್ದ. ತಿಪ್ಪೆ ಎಂದಾಗ ಹೌದೌದು ತಿಪ್ಪೆ ಎಂದ. ನನಗೆ ಆಶ್ಚರ್ಯವಾಗಲಿಲ್ಲ. ಇಲ್ಲಿಯ ಹಳಬರ ತಲೆ ಹಾಗೇ ಕೆಲಸ ಮಾಡುವುದು. ಹೊಲ ಸೈಟಾದ ದಿನವೇ ನಮ್ಮ ಜ್ಞಾಪಕವೂ ಎರಡು ಭಾಗವಾಯಿತು. ಒಂದು ಕಡೆ ಹುಣಸೆಮರ, ತಿಪ್ಪೆ, ಹೆಂಚಿನ ಮನೆ. ಅದೆಲ್ಲ ಕಥೆ, ದೋಸೆ ಬರುವವರೆಗೆ ಹೇಳಿಕೊಳ್ಳುವುದಕ್ಕೆ. ಇನ್ನೊಂದು ಕಡೆ ಖಾತೆ, ನಂಬರು, ಬಾಡಿಗೆ. ಅದು ಪ್ರಾಪರ್ಟಿ. ಎರಡೂ ಒಂದೇ ನೆಲದ ಮೇಲಿವೆ ಎಂದು ಯಾರೂ ಒರೆಹಚ್ಚಿ ನೋಡುವುದಿಲ್ಲ. ನೋಡಿದರೆ ಅರ್ಧ ಪಾಳ್ಯಕ್ಕೆ ನಿದ್ದೆ ಬರುವುದಿಲ್ಲ. ತಿಪ್ಪೆ ಇದ್ದ ಜಾಗದಲ್ಲಿ ಈಗ ತನ್ನ ಲಿಫ್ಟು ಇದೆ ಎಂಬುದು ಕೆಂಪರಾಜನಿಗೆ ಹೊಳೆಯಲೇ ಇಲ್ಲ. ಅಕ್ಕ ಹೇಳಿದ ಹಾಗೇ ಹಾಕಮ್ಮ, ಅಡಿ ಆಚೀಚೆ ಆಗಬಾರದು ಎಂದು ಆ ಹುಡುಗಿಗೆ ಅವನೇ ತಾಕೀತು ಮಾಡಿದ. ನನಗೆ ಎಲ್ಲ ಹೊಳೆದಿತ್ತು. ಎಚ್ಚರಿಸಬಹುದಿತ್ತು, ಎಚ್ಚರಿಸಲಿಲ್ಲ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವವನಿಗೆ ನಾನು ಯಾಕೆ ಅಡ್ಡ ಬರಲಿ?

ವಾರ ಕಳೆಯುವುದರಲ್ಲಿ ಫ್ಲೆಕ್ಸ್ ಬಂತು. ಎರಡು ಮಹಡಿಯಷ್ಟು ಎತ್ತರ. ಒಂದು ಕಡೆ ಹೆಲ್ಮೆಟ್ ಹಾಕಿದ ಕೆಂಪರಾಜನ ಮುಖ, ಇನ್ನೊಂದು ಕಡೆ ರಿಮ್ಶಾ ಮಾಡಿದ ಮ್ಯಾಪು, ಅದರ ಮೇಲೆ ಕೆಂಪು ಗೆರೆ. ಹಳೇ ಬಂಡಿದಾರಿ ಸವಾರಿ, ಮಣ್ಣಿನ ಮಗನ ಜೊತೆ ಎಂದು ದೊಡ್ಡಕ್ಷರ. ಅದನ್ನು ಅವನು ಕಟ್ಟಿಸಿದ್ದು ಅದೇ ಕಟ್ಟಡದ ಬಾಲ್ಕನಿಗೆ. ಕೆಂಪು ಗೆರೆ ಕೆರೆಯಿಂದ ಹೊರಟು, ರಸ್ತೆ ದಾಟಿ, ಫ್ಲೆಕ್ಸ್ ನೇತಾಡುತ್ತಿದ್ದ ಜಾಗದ ಅಡಿಗೇ ಹೋಗುತ್ತಿತ್ತು. ಹಾಲಿನ ಬೂತಿನ ಹತ್ತಿರ ದೊಡ್ಡಮುನಿಯಪ್ಪ ಮಾವ ಕನ್ನಡಕ ಒರೆಸಿಕೊಂಡು ಅದನ್ನು ಬಹಳ ಹೊತ್ತು ನೋಡಿದ. ಒಂದು ಕಾಲಕ್ಕೆ ಊರಿನ ಶ್ಯಾನುಭೋಗರ ಹಿಂದೆ ಅಳತೆಯ ಸರಪಳಿ ಹಿಡಿದು ಓಡಾಡಿದವನು ಅವನು. ನನ್ನ ಕಡೆ ತಿರುಗಿ, ನಿನ್ ತಮ್ಮಂಗೆ ಹೇಳ್ದ್ಯಾ ಎಂದು ಕೇಳಿದ. ಇಲ್ಲ ಎಂದೆ. ಹೇಳಬೇಡ ಎಂದು ಹಾಲಿನ ಪಾಕೀಟು ತೆಗೆದುಕೊಂಡು ನಗುತ್ತ ಹೋದ.

ಆ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಹಾಲಿನ ನೆಪ ಮಾಡಿಕೊಂಡು ರಸ್ತೆಗೆ ಬಂದು ನಿಂತೆ. ಬರಲೇಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಏರಿಯ ಇಳಿಜಾರಿನಿಂದ ಮೂವತ್ತು ಸೈಕಲ್ಲು ಇಳಿದವು. ಎಲ್ಲರಿಗೂ ಮುಂದೆ ಕೆಂಪರಾಜ. ಬಣ್ಣಬಣ್ಣದ ಅಂಗಿ, ಹ್ಯಾಂಡಲ್ಲಿಗೆ ಸಿಕ್ಕಿಸಿದ ಫೋನು. ಮುನೇಶ್ವರನ ಕಲ್ಲಿನ ಹತ್ತಿರ ನಿಲ್ಲಿಸಿ ನಾನು ಹೇಳಿಕೊಟ್ಟ ಕಥೆಯನ್ನು ತನ್ನ ಕಥೆಯಾಗಿ ಹೇಳಿದ. ಎಲ್ಲರೂ ಫೋಟೋ ತೆಗೆದರು. ಆಮೇಲೆ ರಸ್ತೆ ದಾಟಿದರು. ಮೂವತ್ತು ಫೋನುಗಳೂ ನೇರ ಹೋಗಿ ಎಂದವು. ಎದುರಿಗೆ ಕಟ್ಟಡ.

ಕೆಂಪರಾಜ ಬ್ರೇಕು ಹಾಕಿದ. ತಲೆ ಎತ್ತಿ ಕಟ್ಟಡ ನೋಡಿದ, ತಗ್ಗಿಸಿ ಫೋನು ನೋಡಿದ, ಮತ್ತೆ ಕಟ್ಟಡ ನೋಡಿದ. ಇಪ್ಪತ್ತು ವರ್ಷದಿಂದ ಬೇರೆಬೇರೆ ಇದ್ದ ಎರಡು ಜ್ಞಾಪಕ ಅವನ ತಲೆಯಲ್ಲಿ ಒಂದರ ಮೇಲೊಂದು ಕೂತದ್ದು ನನಗೆ ಹಾಲಿನ ಬೂತಿನಿಂದಲೇ ಕಾಣಿಸಿತು. ಕುತ್ತಿಗೆಯವರೆಗೆ ಬೆವರಿಳಿಯಿತು. ಅಷ್ಟು ಬೆವರು ಅವನಿಗೆ ಸೈಕಲ್ ತುಳಿದು ಯಾವತ್ತೂ ಬಂದಿರಲಿಲ್ಲ.

ಹಿಂದಿದ್ದವನೊಬ್ಬ ಮುಂದೆ ಬಂದು, ದಾರಿಗೆ ಅಡ್ಡ ಯಾರೋ ಬಿಲ್ಡಿಂಗ್ ಕಟ್ಟಿಬಿಟ್ಟಿದ್ದಾರಲ್ಲ ಅಣ್ಣ ಎಂದ. ಇಂಥ ಒತ್ತುವರಿದಾರರಿಂದಲೇ ಬೆಂಗಳೂರು ಹಾಳಾದದ್ದು, ಇದನ್ನು ಬಿಡಬಾರದು, ಕಂಪ್ಲೇಂಟ್ ಕೊಡೋಣ ಎಂದು ಇನ್ನೊಬ್ಬ ಕಟ್ಟಡದ ಫೋಟೋ ತೆಗೆಯತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ತಮ್ಮ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದ.

"ಯಾರೋ ಹೊರಗಡೆಯವ್ರು ಕಣ್ರೀ ಕಟ್ಕೊಂಡಿರೋದು," ಎಂದ. "ನಮ್ಮಂಥ ಲೋಕಲ್‌ನವ್ರ ಮಾತು ಎಲ್ಲಿ ಕೇಳ್ತಾರೆ? ಬನ್ನಿ, ಲೆಫ್ಟ್ ತಗೊಂಡು ಸುತ್ಕೊಂಡು ಹೋಗೋಣ."

ತನ್ನ ಮುಖವೇ ಎರಡು ಮಹಡಿಯೆತ್ತರ ನೇತಾಡುತ್ತಿರುವ ಕಟ್ಟಡದ ಕೆಳಗೆ ನಿಂತು ಅವನು ಈ ಮಾತು ಹೇಳಿದ. ನಮ್ಮ ಕಡೆ ಫ್ಲೆಕ್ಸ್ ಯಾರ ಕಟ್ಟಡದ ಮೇಲಾದರೂ ನೇತಾಡುತ್ತದೆ, ಹಾಗಾಗಿ ಅವರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ರಿಮ್ಶಾ ಮಾತ್ರ ಕಾಲೂರಿ ನಿಂತುಕೊಂಡು ಸಂದಿಯ ಕಡೆ ನೋಡುತ್ತಿದ್ದಳು. ಎಲ್ಲರೂ ಸೈಕಲ್ ತಿರುಗಿಸುತ್ತಿದ್ದರು, ಅವನು ಬಚಾವಾಗಿಯೇ ಬಿಟ್ಟಿದ್ದ. ಅಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಗೆ ಬಾಡಿಗೆ ಹುಡುಗನೊಬ್ಬ ಬಂದ. ಸೊಂಟಕ್ಕೆ ಟವೆಲ್ಲು, ತಲೆ ತುಂಬ ಸೋಪಿನ ನೊರೆ.

"ಓನರ್ ಸಾರ್, ನೀರು ನಿಂತೋಯ್ತು. ಸ್ವಲ್ಪ ಮೋಟರ್ ಹಾಕ್ಸಿ ಸಾರ್."

ಕೆಂಪರಾಜ ಕೇಳಿಸದವನ ಹಾಗೆ ಪೆಡಲ್ ಮೇಲೆ ಕಾಲಿಟ್ಟ. ಹುಡುಗ ಬಿಡಲಿಲ್ಲ. ಕೆಂಪರಾಜ್ ಸಾರ್, ನಿಮಗೇ ಹೇಳ್ತಿರೋದು, ಕಣ್ಣು ಉರೀತಿದೆ ಎಂದು ಮತ್ತೆ ಕೂಗಿದ. ವಾಚ್‌ಮನ್ ಹುಲಿಗೆಪ್ಪ ಶೆಡ್ಡಿನಿಂದ ಓಡಿಬಂದು, ಯಜಮಾನನಿಗೆ ಸಲಾಮು ಹೊಡೆದು, ಈಗ ಹಾಕ್ತೀನ್ರಿ ಎಂದು ಒಳಗೆ ಹೋದ. ಮೂವತ್ತು ಹೆಲ್ಮೆಟ್ಟುಗಳು ಒಟ್ಟಿಗೆ ನನ್ನ ತಮ್ಮನ ಕಡೆ ತಿರುಗಿದವು. ಫೋಟೋ ತೆಗೆಯುತ್ತಿದ್ದವನು ಈಗ ವಿಡಿಯೋ ಮಾಡುತ್ತಿದ್ದ.

ಒಂದು ವಿಷಯದಲ್ಲಿ ನನ್ನ ತಮ್ಮನನ್ನು ಹೊಗಳಲೇಬೇಕು. ನಾಚಿಕೆ ಎನ್ನುವುದು ಅವನಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅವನು ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ದೊಡ್ಡದಾಗಿ ನಕ್ಕ. ಸರ್ಪ್ರೈಸ್ ಕೊಡೋಣ ಎಂದಿದ್ದೆ, ಈ ಹುಡುಗ ಹಾಳುಮಾಡಿಬಿಟ್ಟ ಎಂದ. ಕಟ್ಟಡ ತನ್ನದೇ, ಹಿರಿಯರ ದಾರಿ ಮುಚ್ಚಿಹೋಯಿತಲ್ಲ ಎಂದು ತನಗೆ ಬಹಳ ದಿನದಿಂದ ಸಂಕಟವಿತ್ತು, ಅದಕ್ಕೇ ಪಾರ್ಕಿಂಗಿನ ಹಿಂಗೋಡೆ ಒಡೆದು ಎಲ್ಲರಿಗೂ ದಾರಿ ಬಿಡಿಸುವುದೆಂದು ತೀರ್ಮಾನ ಮಾಡಿದ್ದೇನೆ, ಅದನ್ನು ಇಲ್ಲೇ ಘೋಷಿಸಲೆಂದು ನಿಮ್ಮನ್ನೆಲ್ಲ ಕರೆತಂದೆ ಎಂದ. ಅವರು ಚಪ್ಪಾಳೆ ತಟ್ಟಿದರು. ಓದಿದವರು, ಕಂಪ್ಯೂಟರಿನಲ್ಲಿ ಏನೇನೋ ಕಂಡುಹಿಡಿಯುವವರು, ಇದನ್ನು ನಂಬಿ ಚಪ್ಪಾಳೆ ತಟ್ಟಿದರು. ಯಾವ ತಾರೀಖಿಗೆ ಸರ್ ಎಂದು ರಿಮ್ಶಾ ಕೇಳಿದಳು. ವಿಡಿಯೋ ನಡೆಯುತ್ತಲೇ ಇತ್ತು. ಮೂರು ವಾರದೊಳಗೆ ಎಂದ.

ನನ್ನ ನಾಲ್ಕು ಸಲದ ಬೇಡಿಕೆಗೆ ಅಲ್ಲಾಡದ ಗೋಡೆ ಹೀಗೆ ಬಿತ್ತು. ನೈರುತ್ಯದ ದೋಷಕ್ಕೆ ತಾಮ್ರದ ತಗಡು ಹೂತರೆ ಪರಿಹಾರವಂತೆ, ಅದೇ ವಾಸ್ತುವಿನವನು ಹೇಳಿದ. ಕಬ್ಬಿಣದ ಗೇಟು ಬಂತು. ಗೇಟಿನ ಮೇಲೆ ಬೋರ್ಡು ಬಂತು: ಶ್ರೀ ಕೆಂಪರಾಜ್ ಪಾರಂಪರಿಕ ಬಂಡಿದಾರಿ, ಭಾನುವಾರ ಬೆಳಿಗ್ಗೆ ಆರರಿಂದ ಎಂಟು. ಜೊತೆಗೆ ಒಂದು ಬೀಗವೂ ಬಂತು. ಬೀಗದ ಕೀ ಹುಲಿಗೆಪ್ಪನ ಹತ್ತಿರ. ವಾರದ ದಿನಗಳಲ್ಲಿ ನಮಗಾದರೂ ತೆಗೆಯಲಿ ಎಂದು ಕೇಳಿದರೆ, ಬಾಡಿಗೆಯವರ ಗಾಡಿ ಕಳ್ಳತನವಾದರೆ ಯಾರು ಜವಾಬ್ದಾರಿ ಎಂದ. ಭಾನುವಾರ ಭಾವನನ್ನು ಕರೆದುಕೊಂಡು ಬಾ ಅಕ್ಕ, ಎಲ್ಲರೂ ಇರುತ್ತಾರೆ, ಚೆನ್ನಾಗಿರುತ್ತದೆ ಎಂದ. ಹನ್ನೆರಡು ಅಡಿ ಊರಿನ ದಾರಿ ನುಂಗಿ, ವಾರಕ್ಕೆ ಎರಡು ಗಂಟೆ ಉಗುಳುತ್ತೇನೆ ಎನ್ನುವವನನ್ನು ಏನೆಂದು ಬಯ್ಯಬೇಕೋ ನನಗೆ ಗೊತ್ತಾಗಲಿಲ್ಲ. ನನಗೆ ಬಯ್ಗುಳ ಕಡಿಮೆ ಬರುತ್ತದೆ ಎಂದು ಈ ಪಾಳ್ಯದಲ್ಲಿ ಯಾರೂ ಹೇಳಿಲ್ಲ.

ಉದ್ಘಾಟನೆಯ ಭಾನುವಾರ ನಾನು ಯಜಮಾನರಿಗೆ ಬಿಳಿ ಪಂಚೆ ಉಡಿಸಿ, ತಲೆ ಬಾಚಿ, ಗೇಟಿನ ನಮ್ಮ ಕಡೆ ಕೂರಿಸಿಕೊಂಡು ಕಾದೆ. ಗೇಟು ತೆರೆಯಿತು. ಆಚೆ ಕಡೆ ಸೈಕಲ್ಲು, ಫೋನು, ಕಟ್ಟಿದ ಟೇಪು, ನನ್ನ ತಮ್ಮ. ನಮ್ಮನ್ನು ನೋಡಿ ಅವನಿಗೆ ಹೊಸ ಯೋಚನೆ ಬಂತು. ಟೇಪು ಕತ್ತರಿಸಿ ನೇರವಾಗಿ ಬಂದು ವೀಲ್‌ಚೇರಿನ ಪಕ್ಕ ಮಂಡಿಯೂರಿ ಕೂತ. ಇವರು ನಮ್ಮ ಭಾವ, ಎರಡು ವರ್ಷದಿಂದ ಹೊರಗೆ ಬಂದಿಲ್ಲ, ಇವರಿಗೋಸ್ಕರವೇ ನಾನು ಇದನ್ನು ಮಾಡಿಸಿದ್ದು ಎಂದು ಕ್ಯಾಮರಾಗೆ ಹೇಳಿದ. ಯಾರೋ ಒಬ್ಬಳು ಕಣ್ಣು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಯಜಮಾನರು ಎಡಗೈ ಎತ್ತಿದರು. ಆಶೀರ್ವಾದ ಮಾಡುತ್ತಾರೆ ಎಂದುಕೊಂಡು ಕೆಂಪರಾಜ ತಲೆ ಬಗ್ಗಿಸಿದ. ಅವರು ಅವನ ತಲೆಯ ಮೇಲಿಂದ ಬೀಗದ ಕಡೆ ಬೆರಳು ಚಾಚಿದರು.

"ಕೀ," ಎಂದರು.

ಭಾವನಿಗೆ ಖುಷಿಯಾಗಿದೆ ಎಂದು ಕೆಂಪರಾಜ ಎಲ್ಲರಿಗೂ ಅರ್ಥ ಹೇಳಿದ. ಯಜಮಾನರು ಅಂಗೈ ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದರು. ಮತ್ತೆ ಕೀ ಎಂದರು. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಹೊಸ ಮಾತು ಅದೊಂದೇ. ನಾನು ಹೇಳಿಕೊಟ್ಟದ್ದಲ್ಲ, ಮುನೇಶ್ವರನ ಆಣೆ.

"ಸರ್, ಅಂಕಲ್ ಕೀ ಕೇಳ್ತಿದಾರೆ," ಎಂದಳು ರಿಮ್ಶಾ. ಅವಳ ಫೋನು ಇನ್ನೂ ಮೇಲೆಯೇ ಇತ್ತು. "ಗೇಟ್ ಅವ್ರಿಗೋಸ್ಕರ ಅಲ್ವಾ ಸರ್. ಕೊಡಿ."

ಕೆಂಪರಾಜ ಸುತ್ತಲೂ ನೋಡಿದ. ಮೂವತ್ತು ಜನ ಅವನ ಒಳ್ಳೆಯತನಕ್ಕಾಗಿ ಕಾಯುತ್ತಿದ್ದರು. ಹುಲಿಗೆಪ್ಪ ಕೇಳುವ ಮೊದಲೇ ಉಡಿದಾರದಿಂದ ಕೀ ಬಿಚ್ಚಿದ. ಅದನ್ನು ಕೆಂಪರಾಜ ತನ್ನ ಕೈಯಾರೆ ಯಜಮಾನರ ಅಂಗೈಯಲ್ಲಿಟ್ಟ. ಮತ್ತೆ ಚಪ್ಪಾಳೆ. ಯಜಮಾನರು ಮುಷ್ಟಿ ಮುಚ್ಚಿಕೊಂಡು ಸಾಕು ಎಂದರು. ನಾನು ವೀಲ್‌ಚೇರನ್ನು ತಿರುಗಿಸಿ ಮನೆಯೊಳಗೆ ಕರೆದುಕೊಂಡು ಬಂದೆ. ಆ ಗುಂಪಿನ ಜೊತೆ ಕೆರೆ ನೋಡುವ ಆಸೆ ನಮ್ಮಿಬ್ಬರಿಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಬೀಗ ತೆಗೆದೆ. ಪಾರ್ಕಿಂಗಿನಲ್ಲಿ ಬಾಡಿಗೆಯವರು ಕೆಲಸಕ್ಕೆ ಹೊರಡುತ್ತಿದ್ದರು, ಬೈಕುಗಳನ್ನು ಸರಿಸಿ ದಾರಿ ಮಾಡಿದರು. ರಸ್ತೆ ದಾಟಿದೆವು. ಏರಿಗೆ ಹತ್ತುವ ಇಳಿಜಾರಿನಲ್ಲಿ ನನಗೆ ಏದುಸಿರು ಬಂತು, ಬೂತಿನ ಹುಡುಗ ಬಂದು ಒಂದು ಕೈ ಹಿಡಿದ. ಮೇಲೆ ಬಂದಾಗ ಗಾಳಿ ಅವರ ಪಂಚೆಯನ್ನು ಅಲ್ಲಾಡಿಸಿತು. ಎಲ್ಲರೂ ಹೋಗುವ ಕಡೆಗೇ ನಾನೂ ಎಡಕ್ಕೆ ತಿರುಗಿಸಿ, ನೀರು ನಮ್ಮ ಬಲಗಡೆಗೆ ಬರುವ ಹಾಗೆ ಸ್ವಲ್ಪ ದೂರ ತಳ್ಳಿದೆ. ಅವರು ಎಡಗಡೆಯ ತಂತಿಬೇಲಿಯನ್ನು, ಅದರಾಚೆಯ ಅಪಾರ್ಟ್‌ಮೆಂಟಿನ ಗೋಡೆಯನ್ನು ನೋಡುತ್ತಿದ್ದರು. ಬೇಡ ಎಂದರು. ಮತ್ತೂ ಗಟ್ಟಿಯಾಗಿ ಬೇಡ ಎಂದರು. ಎರಡು ವರ್ಷ ಕಾದು ಬಂದು ಬೇಡ ಎನ್ನುತ್ತಾರಲ್ಲ ಎಂದು ನನಗೆ ಅಳು ಬಂತು. ಎದುರು ಹೋಗಿ ಅವರ ಮುಖ ನೋಡಿದೆ. ಆಗ ಗೊತ್ತಾಯಿತು. ಲಕ್ವ ಹೊಡೆದ ಮೇಲೆ ಅವರ ಎರಡು ಕಣ್ಣಿಗೂ ಬಲಗಡೆ ಕಾಣುವುದಿಲ್ಲ, ಡಾಕ್ಟರು ಹೇಳಿದ್ದರು. ಗೋಡೆಯ ಮುಂದೆ ಎರಡು ವರ್ಷ ಇದ್ದು ಇದ್ದು ಅದನ್ನು ನಾನು ಮರೆತೇಬಿಟ್ಟಿದ್ದೆ. ಕೆರೆ ಅಷ್ಟು ಹತ್ತಿರವಿದ್ದರೂ ಅವರ ಪಾಲಿಗೆ ಇರಲಿಲ್ಲ.

ವೀಲ್‌ಚೇರನ್ನು ಪೂರ್ತಿ ತಿರುಗಿಸಿದೆ. ನೀರು ಎಡಗಡೆಗೆ ಬಂತು. ಅವರ ಕತ್ತು ನಿಧಾನವಾಗಿ ಆ ಕಡೆ ಹೊರಳಿತು, ಮತ್ತೆ ಈ ಕಡೆ ಬರಲಿಲ್ಲ.

ವಾಕಿಂಗಿನವರೆಲ್ಲ ಈಗ ನಮಗೆ ಎದುರಾದರು. ಕಿವಿಗೆ ವೈರು ಸಿಕ್ಕಿಸಿಕೊಂಡವರು, ಕೈ ಬೀಸುವವರು, ಗಡಿಯಾರ ನೋಡಿಕೊಳ್ಳುವವರು. ಬಿಳಿ ಶೂ ಹಾಕಿದ ಒಬ್ಬ ದೊಡ್ಡ ಮನುಷ್ಯ ನಿಂತು, ಇಲ್ಲಿ ಕ್ಲಾಕ್‌ವೈಸ್ ಮಾತ್ರ ಹೋಗಬೇಕಮ್ಮ, ಬೋರ್ಡ್ ಇದೆ, ಅಪ್ರದಕ್ಷಿಣೆ ಬರಬಾರದು ಎಂದ. ನಾನು ಅವನ ಮುಖವನ್ನೂ ನೋಡಿದೆ, ಶೂವನ್ನೂ ನೋಡಿದೆ, ತಳ್ಳಿಕೊಂಡು ಮುಂದೆ ಹೋದೆ. ಪೂರ್ತಿ ಒಂದು ಸುತ್ತು ಬಂದೆವು. ಎಲ್ಲರೂ ಎದುರಿಗೇ ಬಂದರು, ಎಲ್ಲರೂ ದಾರಿ ಬಿಟ್ಟರು.